ಮಗುವಿನ ನೋವೂ ಮಾಯಾಕನ್ನಡಕವೂ

ನಾನು ವೈದ್ಯನಲ್ಲ, ವಿಜ್ಞಾನ ಓದಿದವನೂ ಅಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವ ಮೇಷ್ಟ್ರು. ಸಂಧಿ, ಸಮಾಸ, ಷಟ್ಪದಿ ಇವೇ ನನ್ನ ಸರಕು. ಅಂಥವನು ಆಸ್ಪತ್ರೆಯ ವಿಚಾರ ಹಿಡಿದುಕೊಂಡು ನಿಮ್ಮ ಮುಂದೆ ಬಂದದ್ದೇಕೆಂದು ನೀವು ಕೇಳಿದರೆ ಅದು ನ್ಯಾಯವೇ. ಅದಕ್ಕೆ ಕಾರಣ ಆರು ವರ್ಷದ ಒಬ್ಬ ಹುಡುಗ. ಅವನ ಸಂಗತಿಯಿಂದಲೇ ತೊಡಗುತ್ತೇನೆ.

2025ರ ಜೂನ್ ತಿಂಗಳು, ಶಾಲೆ ತೆರೆದ ಹೊಸತು. ನನ್ನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ದಿನ ಬಿಟ್ಟು ದಿನ ತಪ್ಪಿಸಿಕೊಳ್ಳುತ್ತಿದ್ದಳು. ಯಾದಗಿರಿಯ ಕಡೆಯಿಂದ ದುಡಿಮೆಗಾಗಿ ಬಂದ ಸಂಸಾರ ಅವರದು. ತಂದೆ ಲೇತ್ ಕೆಲಸಗಾರ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ. ದಾಸರಹಳ್ಳಿಯಲ್ಲಿ ಶೀಟು ಹೊದಿಸಿದ ಒಂದೇ ಕೋಣೆಯ ಮನೆ. ಅಡಿಗೆ, ಸ್ನಾನ, ಓದು, ನಿದ್ದೆ ಎಲ್ಲವೂ ಅಲ್ಲಿಯೇ. ಕರೆದು ವಿಚಾರಿಸಿದಾಗ ಹುಡುಗಿ ತಲೆ ತಗ್ಗಿಸಿ ಹೇಳಿದಳು: “ತಮ್ಮಗ ಬಿಸಿನೀರು ಬಿದ್ದು ತೊಡಿ ಸುಟ್ಟದ ರೀ ಸರ್. ಪಟ್ಟಿ ಬದಲಿ ಮಾಡಸ್ಲಿಕ್ಕೆ ಕರ್ಕೊಂಡು ಹೋಗಬೇಕಾಗ್ತದ. ಅವ್ವಗ ರಜಾ ಸಿಗಂಗಿಲ್ಲ.”

ಮುಂದಿನ ಸಲ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ದೂರು ಹೇಳಲು ಬಂದವನಲ್ಲ. ಅಲ್ಲಿನ ನರ್ಸಮ್ಮ ಒಳ್ಳೆಯ ಹೆಂಗಸು. ಆದರೆ ಹೊರಗೆ ಇನ್ನೂ ಹನ್ನೆರಡು ಮಂದಿ ಕಾದಿದ್ದರು. ಸುಟ್ಟ ಗಾಯದ ಪಟ್ಟಿ ಬದಲಿಸುವುದೆಂದರೇನೆಂಬುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಸಿಗಾಯಕ್ಕೆ ಬಟ್ಟೆ ಅಂಟಿಕೊಂಡಿರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಸತ್ತ ಚರ್ಮವನ್ನು ತೆಗೆಯಬೇಕು. ತೊಳೆದು ಮುಲಾಮು ಹಚ್ಚಿ ಮತ್ತೆ ಕಟ್ಟಬೇಕು. ನೋವಿಗೆ ಔಷಧ ಕೊಟ್ಟಿದ್ದರೂ ಆ ಹೊತ್ತಿನ ಉರಿಯನ್ನು ಅದು ಪೂರ್ತಿ ತಡೆಯಲಾರದು. ಒಂದು ಸಲ ಅನುಭವಿಸಿದ ಮಗು ಮರುಸಲ ಬಾಗಿಲ ಬಳಿಯೇ ಕೂಗಿಕೊಳ್ಳುತ್ತದೆ. ಈ ಹುಡುಗನೂ ಕೂಗಿಕೊಂಡ. ಕೈಗೊಬ್ಬರು, ಕಾಲಿಗೊಬ್ಬರು ಹಿಡಿದರು. ನನ್ನ ಪಾಲಿಗೆ ಬಂದದ್ದು ಭುಜ. ಹಿಡಿದುಕೊಂಡು ನಾನು ಹೇಳಿದ ಮಾತು ಯಾವುದು ಗೊತ್ತೇ? “ಏನೂ ಆಗುವುದಿಲ್ಲ ಮರಿ, ಏನೂ ಆಗುವುದಿಲ್ಲ.” ಆ ಹುಡುಗ ನನ್ನ ಮುಖ ನೋಡಿದ. ಮೂವತ್ತು ವರ್ಷ ಪಾಠ ಹೇಳಿದ್ದೇನೆ, ನನ್ನ ಮಾತನ್ನು ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ತಿಪ್ಪೆಗೆಸೆದಿರಲಿಲ್ಲ.

ಆಗ ಅವನ ಅಕ್ಕ ಕಿವಿಯ ಬಳಿ ಬಾಗಿ ಒಂದು ವಿಚಿತ್ರ ಕೆಲಸ ಮಾಡಿದಳು. ಮೆಟ್ರೋ ರೈಲಿನ ಸ್ಟೇಷನ್‌ಗಳ ಹೆಸರು ಹೇಳಲು ಆರಂಭಿಸಿದಳು. ಹುಡುಗನಿಗೆ ಮೆಟ್ರೋ ಹುಚ್ಚು. “ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಯಶವಂತಪುರ…” ಬಿಕ್ಕಳಿಕೆಯ ನಡುವೆಯೇ ಹುಡುಗ ಸಿಟ್ಟಿನಿಂದ, “ಅಲ್ಲ! ಗೊರಗುಂಟೆಪಾಳ್ಯ!” ಎಂದ. ಅವಳು ಬೇಕೆಂದೇ ತಪ್ಪುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು. “ಹೌದಲ್ಲ, ಗೊರಗುಂಟೆಪಾಳ್ಯ. ಆಮ್ಯಾಲ ರಾಜಾಜಿನಗರ.” “ಅಲ್ಲ! ಯಶವಂತಪುರ, ಸ್ಯಾಂಡಲ್ ಸೋಪ್, ಮಹಾಲಕ್ಷ್ಮಿ…” ಹೀಗೆ ಅವರು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಬಟ್ಟೆ ಬಿಡಿಸಿ ಆಗಿತ್ತು. ಅಳು ನಿಂತಿತೆಂದು ನಾನು ಹೇಳುತ್ತಿಲ್ಲ. ಅಕ್ಕ ತಪ್ಪು ಹೇಳಿದಾಗಲೆಲ್ಲ, ಆ ತಪ್ಪನ್ನು ತಿದ್ದುವಷ್ಟು ಹೊತ್ತು ಅಳು ನಿಲ್ಲುತ್ತಿತ್ತು. ಅಷ್ಟೇ. ಆ ಅಷ್ಟೇ ಎಂಬುದು ಎಷ್ಟು ದೊಡ್ಡದೆಂದು ನನ್ನ ಕೈಯ ಕೆಳಗಿದ್ದ ಆ ಭುಜದಿಂದ ನನಗೆ ತಿಳಿಯುತ್ತಿತ್ತು. ಬಿಗಿದ ಸ್ನಾಯು ಆ ಕ್ಷಣಗಳಲ್ಲಿ ಸಡಿಲವಾಗುತ್ತಿತ್ತು.

ನನ್ನ ಮಗಳು ಅಳಿಯ ಇರುವುದು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ. ಆ ಭಾನುವಾರ ಅಲ್ಲಿಗೆ ಹೋದಾಗ ಊಟದ ನಡುವೆ ಈ ಸಂಗತಿ ಹೇಳಿದೆ. ಅಳಿಯ ಕಂಪ್ಯೂಟರಿನ ಕೆಲಸದವನು, ಮಿತಭಾಷಿ. ಕೈ ತೊಳೆದುಕೊಂಡು ಒಳಗೆ ಹೋಗಿ ಒಂದು ಪೆಟ್ಟಿಗೆ ತಂದ. “ಮಾವ, ನಿಮ್ಮ ಹುಡುಗಿ ಬಾಯಲ್ಲಿ ಮಾಡಿದ್ದನ್ನು ಇದು ಕಣ್ಣಿಗೆ ಮಾಡುತ್ತದೆ. ಹಾಕಿಕೊಂಡು ನೋಡಿ” ಎಂದ.

ಇಂಗ್ಲಿಷಿನಲ್ಲಿ ಇದಕ್ಕೆ ವರ್ಚುಯಲ್ ರಿಯಾಲಿಟಿ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಮಿಥ್ಯಾವಾಸ್ತವ ಎಂಬ ಮಾತು ಕಾಣುತ್ತದೆ. ಮಿಥ್ಯೆಯೂ ವಾಸ್ತವವೂ ಒಂದೇ ಸಮಾಸದಲ್ಲಿ ಒಟ್ಟಿಗೆ ಕುಳಿತದ್ದನ್ನು ಕಂಡಿದ್ದರೆ ನನ್ನ ಗುರುಗಳು ನಗುತ್ತಿದ್ದರು. ನಾನು ಇದನ್ನು ಮಾಯಾಕನ್ನಡಕ ಎಂದು ಕರೆಯುತ್ತೇನೆ. ಸಂಸ್ಕೃತ ಕನ್ನಡಗಳು ಬೆರೆತು ಅರಿಸಮಾಸವಾಯಿತೆಂದು ವೈಯಾಕರಣರು ಆಕ್ಷೇಪಿಸಿದರೆ ತಪ್ಪು ಒಪ್ಪಿಕೊಳ್ಳುತ್ತೇನೆ. ಹೆಸರನ್ನು ಮಾತ್ರ ಬಿಡುವುದಿಲ್ಲ.

ನೋಡಲು ಅದು ಈಜುವವರ ದಪ್ಪ ಕನ್ನಡಕದಂತಿದೆ. ತಲೆಗೆ ಪಟ್ಟಿ ಬಿಗಿದರೆ ಹೊರಗಿನ ಬೆಳಕೆಲ್ಲ ಮುಚ್ಚಿಹೋಗುತ್ತದೆ. ಒಳಗೆ ಎರಡು ಮಸೂರಗಳು, ಅವುಗಳ ಹಿಂದೆ ಪುಟ್ಟ ತೆರೆ. ಬಲಗಣ್ಣಿಗೊಂದು ಚಿತ್ರ, ಎಡಗಣ್ಣಿಗೆ ಅದಕ್ಕಿಂತ ಕೂದಲೆಳೆಯಷ್ಟು ಬೇರೆಯಾದ ಇನ್ನೊಂದು. ನಮ್ಮ ಎರಡು ಕಣ್ಣುಗಳು ದಿನವೂ ಲೋಕವನ್ನು ಕಾಣುವುದು ಹೀಗೆಯೇ ಆದ್ದರಿಂದ ಮೆದುಳು ಎರಡನ್ನೂ ಕೂಡಿಸಿ ಆಳ ಅಗಲಗಳುಳ್ಳ ಒಂದು ಜಾಗವನ್ನು ಕಟ್ಟಿಕೊಳ್ಳುತ್ತದೆ. ಇಷ್ಟಾದರೆ ಹಳೆಯ ಜಾತ್ರೆಯ ಚಿತ್ರಪೆಟ್ಟಿಗೆಗಿಂತ ಹೆಚ್ಚೇನಲ್ಲ. ಹೆಚ್ಚಿನದು ಮುಂದಿದೆ. ತಲೆ ಯಾವ ಕಡೆಗೆ, ಎಷ್ಟು ತಿರುಗಿತೆಂಬುದನ್ನು ಯಂತ್ರ ಕ್ಷಣಕ್ಷಣವೂ ಅಳೆದು ಚಿತ್ರವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. ಬಲಕ್ಕೆ ತಿರುಗಿದರೆ ಬಲಗಡೆಯ ಕಾಡು, ಮೇಲೆ ನೋಡಿದರೆ ಆಕಾಶ, ಹಿಂದೆ ತಿರುಗಿದರೆ ಹಿಂದೆಯೂ ಕಾಡು. ತಪ್ಪಿಸಿಕೊಳ್ಳಲು ಅಂಚೇ ಇಲ್ಲ.

ನಾನು ಒಂದು ಬೆಟ್ಟದ ಮೇಲೆ ನಿಂತಿದ್ದೆ. ಮುಂದೊಂದು ಮರದ ಕಟಕಟೆ ಇತ್ತು, ಕೈಯೂರಿದೆ. ಅದು ಇರಲಿಲ್ಲ. ಮುಗ್ಗರಿಸಿ ಅಳಿಯನ ಕಾಫಿ ಲೋಟವನ್ನು ನೆಲದ ಪಾಲು ಮಾಡಿದೆ. ಮಗಳು ನಕ್ಕಳು, ಅದಿರಲಿ. ಕನ್ನಡಕ ತೆಗೆದ ಮೇಲೆ ಅವಳು, “ಅಪ್ಪಾ, ಕುಕ್ಕರ್ ಮೂರು ಸಲ ಕೂಗಿತು, ಕೇಳಿಸಿತೇ?” ಎಂದಳು. ಕೇಳಿಸಿರಲಿಲ್ಲ. ಕಿವಿಗೆ ನಾನು ಏನನ್ನೂ ಹಾಕಿಕೊಂಡಿರಲಿಲ್ಲ. ಅಡಿಗೆಮನೆ ಹತ್ತು ಅಡಿ ದೂರದಲ್ಲಿತ್ತು.

ಈ ಕನ್ನಡಕವನ್ನು ನೋವಿಗೆ ಮದ್ದಾಗಿ ಬಳಸಿದ ಮೊದಲಿಗರು ಅಮೆರಿಕದ ಸಿಯಾಟಲ್ ನಗರದವರು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್‌ಸನ್ ಎಂಬಿಬ್ಬರು ಮನೋವಿಜ್ಞಾನಿಗಳು. ಪ್ಯಾಟರ್‌ಸನ್ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ರೋಗಿಗಳ ನೋವಿನ ಚಿಂತೆ ಹೊತ್ತವರು. ಹಾಫ್‌ಮನ್ ಅದಕ್ಕೆ ಮೊದಲು ಜೇಡರ ಹುಳುವಿಗೆ ಹೆದರುವವರ ಭಯ ಬಿಡಿಸಲು ಒಂದು ಮಾಯಾಲೋಕವನ್ನು ಬಳಸುತ್ತಿದ್ದರು. ಕೈಗೆ ಸಿಕ್ಕದ್ದು ಅದೇ ಆದ್ದರಿಂದ ಸುಟ್ಟಗಾಯದ ಇಬ್ಬರು ಹುಡುಗರಿಗೆ, ಒಬ್ಬನಿಗೆ ಹದಿನಾರು, ಇನ್ನೊಬ್ಬನಿಗೆ ಹದಿನೇಳು, ಜೇಡವಿದ್ದ ಆ ಲೋಕವನ್ನೇ ತೋರಿಸಿದರು. ಅದೇ ಹುಡುಗರಿಗೆ ಚಿಕಿತ್ಸೆಯ ಇನ್ನೊಂದು ಹೊತ್ತಿನಲ್ಲಿ ಟೀವಿ ತೆರೆಯ ಮೇಲೆ ಸಾಮಾನ್ಯ ವಿಡಿಯೋ ಆಟ ಆಡಲು ಕೊಟ್ಟರು. ಆಟಕ್ಕಿಂತ ಮಾಯಾಲೋಕದಲ್ಲಿದ್ದಾಗ ನೋವು ಬಹಳ ಕಡಿಮೆಯಾಗಿತ್ತೆಂದು ಇಬ್ಬರೂ ಹೇಳಿದರು. ಇದು ಪ್ರಕಟವಾದದ್ದು 2000ದಲ್ಲಿ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಕಾರ್ಟೂನು ಹಚ್ಚುವುದಕ್ಕೂ ಇದಕ್ಕೂ ಏನು ಭೇದವೆಂದು ನೀವು ಕೇಳುವಿರಾದರೆ, ಉತ್ತರ ಇಲ್ಲಿದೆ. ಮೊಬೈಲಿನ ಅಂಚಿನಾಚೆ ಸೂಜಿ ಕಾಣುತ್ತದೆ. ಕನ್ನಡಕದಲ್ಲಿ ಆಚೆ ಎಂಬುದೇ ಇಲ್ಲ.

ಆಮೇಲೆ ಅವರು ಸುಟ್ಟಗಾಯದವರಿಗೆಂದೇ ಒಂದು ಲೋಕ ಕಟ್ಟಿಸಿದರು: ‘ಸ್ನೋ ವರ್ಲ್ಡ್’, ಮಂಜಿನ ಲೋಕ. ಬೆಂಕಿ ಮುಟ್ಟಿದವನಿಗೆ ಮಂಜನ್ನು ತೋರಿಸುವುದಕ್ಕಿಂತ ಸಹಜವಾದ ಉಪಚಾರ ಇನ್ನೇನಿದ್ದೀತು? ರೋಗಿ ಹಿಮದ ಕಣಿವೆಯೊಂದರಲ್ಲಿ ತೇಲುತ್ತ ಹೋಗುತ್ತಾನೆ. ದಡದಲ್ಲಿ ಮಂಜಿನ ಗೊಂಬೆಗಳು, ಪೆಂಗ್ವಿನ್ ಹಕ್ಕಿಗಳು, ಎಂದೋ ಅಳಿದುಹೋದ ರೋಮದಾನೆಗಳು. ಅವುಗಳ ಕಡೆಗೆ ಹಿಮದ ಉಂಡೆ ಎಸೆಯುವುದೇ ಅವನ ಕೆಲಸ. ಅತ್ತ ನಿಜವಾದ ಕೋಣೆಯಲ್ಲಿ ಅವನ ಗಾಯ ತೊಳೆಯುವ ಕೆಲಸ ನಡೆದಿರುತ್ತದೆ. ಇದರಿಂದ ರೋಗಿ ಬರಿಯ ಮಾತಿಗೆ “ಕಡಿಮೆಯಾಯಿತು” ಎನ್ನುತ್ತಾನೋ, ನಿಜವಾಗಿ ಏನಾದರೂ ಬದಲಾಗುತ್ತದೋ ಎಂಬ ಸಂಶಯ ಅವರಿಗೂ ಇತ್ತು. ಆದ್ದರಿಂದ 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರಾದ ಸ್ವಯಂಸೇವಕರ ಪಾದಕ್ಕೆ ಅಪಾಯವಿಲ್ಲದಷ್ಟು ಬಿಸಿ ಮುಟ್ಟಿಸಿ, ಅದೇ ಹೊತ್ತಿನಲ್ಲಿ ಮೆದುಳಿನ ಚಿತ್ರ ತೆಗೆದರು. ನೋವಿಗೆ ಸಂಬಂಧಪಟ್ಟ ಐದು ಭಾಗಗಳಲ್ಲಿಯೂ, ಮಂಜಿನ ಲೋಕದಲ್ಲಿರುವಾಗ, ಚಟುವಟಿಕೆ ತಗ್ಗಿತ್ತು.

ಇದು ಹೇಗೆ? ನೋವೆಂದರೆ ಗಾಯದಿಂದ ತಲೆಗೆ ಹೋಗುವ ತಂತಿ ಎಂದು ಬಹುಕಾಲ ನಂಬಿದ್ದರು. ಇತ್ತ ಎಳೆದರೆ ಅತ್ತ ಗಂಟೆ ಬಾರಿಸಲೇಬೇಕು. ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬಿಬ್ಬರು 1965ರಲ್ಲಿ ಹೀಗಲ್ಲವೆಂದು ವಾದಿಸಿದರು. ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ. ನೋವಿನ ಸುದ್ದಿಯನ್ನು ಎಷ್ಟು ಒಳಬಿಡಬೇಕೆಂಬುದನ್ನು ಮೇಲಿನಿಂದ ಮೆದುಳೂ ನಿರ್ಧರಿಸುತ್ತದೆ ಎಂದರು. ಅವರು ಹೇಳಿದ ವಿವರಗಳೆಲ್ಲ ಹಾಗೆಯೇ ನಿಂತಿಲ್ಲ. ಆದರೆ ಭಯ, ನಿರೀಕ್ಷೆ, ಗಮನ ಇವು ನೋವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ ಎಂಬ ಮೂಲಮಾತು ನಿಂತಿದೆ.

ನನಗೆ ಇದು ಅರ್ಥವಾದದ್ದು ಇನ್ನೊಂದು ದಾರಿಯಿಂದ. ನಮ್ಮಲ್ಲಿ ಅಷ್ಟಾವಧಾನವೆಂಬ ಕಲೆಯುಂಟು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಎಂಟು ಮಂದಿ ಪೃಚ್ಛಕರು ಅವಧಾನಿಯ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ತೊಡಕು ಒಡ್ಡುತ್ತಾರೆ. ಅವರಲ್ಲಿ ಒಬ್ಬನಿಗೆ ಅಪ್ರಸ್ತುತ ಪ್ರಸಂಗಿಯೆಂದು ಹೆಸರು. ಅವಧಾನಿ ಪದ್ಯದ ಪಾದವನ್ನು ಕಟ್ಟುತ್ತಿರುವ ಹೊತ್ತಿಗೆ ಸರಿಯಾಗಿ, “ಸ್ವಾಮಿ, ಈ ದಿನ ನಿಮ್ಮ ಮನೆಯಲ್ಲಿ ಏನು ಸಾರು?” ಎಂದೇನಾದರೂ ಕೇಳಿ ಚಿತ್ತ ಕದಡುವುದೇ ಅವನ ಕೆಲಸ. ಅವಧಾನವೆಂದರೆ ಗಮನ. ಅದು ಬೊಗಸೆಯ ನೀರಿನಂತೆ. ಒಂದು ಕಡೆ ಸುರಿದರೆ ಇನ್ನೊಂದು ಕಡೆಗೆ ಉಳಿಯದು. ಪದ್ಯ ಕಟ್ಟುವವನಿಗೆ ಈ ಅಪ್ರಸ್ತುತ ಪ್ರಸಂಗಿ ಕಾಟ. ಆದರೆ ಡ್ರೆಸ್ಸಿಂಗ್ ಕೋಣೆಯ ಮಗುವಿಗೆ? ಅದರ ಅವಧಾನವೆಲ್ಲ ತೊಡೆಯ ಮೇಲಿನ ಒಂದು ಗೇಣು ಜಾಗದಲ್ಲಿ ನಿಂತುಬಿಟ್ಟಿದೆ. ಅಲ್ಲಿಗೆ ಒಬ್ಬ ಒಳ್ಳೆಯ ಅಪ್ರಸ್ತುತ ಪ್ರಸಂಗಿ ಬಂದು, ಗೊರಗುಂಟೆಪಾಳ್ಯವನ್ನು ಬಿಟ್ಟು ಯಶವಂತಪುರಕ್ಕೆ ಹೋಗಿಬಿಟ್ಟರೆ ಎಷ್ಟು ಉಪಕಾರ! ಕನ್ನಡಕ ಮಾಡುವುದೂ ಇದನ್ನೇ. ದಣಿಯದೆ, ಮಗುವಿನ ಅಳುವಿಗೆ ತಾನೂ ಕಣ್ಣೀರಾಗದೆ ಮಾಡುತ್ತದೆ ಎಂಬುದೊಂದು ಅನುಕೂಲ. ಒಂಬತ್ತನೆಯ ತರಗತಿಯ ಅಕ್ಕನಿಗೆ ಅದು ಸಾಧ್ಯವಿಲ್ಲ. ಹೊರಗೆ ಬಂದ ಮೇಲೆ ಆ ಹುಡುಗಿ ಗೋಡೆಗೊರಗಿ ಕುಳಿತು ಅತ್ತದ್ದನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಹಳೆಯ ಅನ್ಯಾಯದ ಮಾತು ಹೇಳಬೇಕು. ಮಕ್ಕಳಿಗೆ, ಅದರಲ್ಲೂ ಹಸುಗೂಸುಗಳಿಗೆ, ನೋವು ಅಷ್ಟಾಗಿ ತಿಳಿಯದೆಂದು ಓದಿದವರೇ ನಂಬಿದ್ದ ಕಾಲವಿತ್ತು. ಬಹಳ ಹಿಂದಿನ ಮಾತಲ್ಲ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲಿಯೇ ನವಜಾತ ಶಿಶುಗಳಿಗೆ ನೋವು ತಡೆಯುವ ಔಷಧ ಸಾಕಷ್ಟಿಲ್ಲದೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್ ಎಂಬ ಭಾರತೀಯ ವೈದ್ಯರು ಇದನ್ನು ಪ್ರಶ್ನಿಸಿದರು. ಸರಿಯಾದ ನೋವುನಿವಾರಕ ಪಡೆದ ಶಿಶುಗಳು ಶಸ್ತ್ರಕ್ರಿಯೆಯ ಆಘಾತವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವೆಂದು 1987ರಲ್ಲಿ ಅವರ ತಂಡ ತೋರಿಸಿಕೊಟ್ಟಿತು. ಸುಮಾರು ಅದೇ ದಶಕದಲ್ಲಿ ಅಮೆರಿಕದ ಡಾನಾ ವಾಂಗ್, ಕಾನಿ ಬೇಕರ್ ಎಂಬಿಬ್ಬರು ಮಹಿಳೆಯರು ಆರು ಮುಖಗಳ ಒಂದು ಸಾಲು ಚಿತ್ರ ಬರೆದರು. ಮೊದಲನೆಯದು ನಗುಮುಖ, ಕೊನೆಯದು ಕಣ್ಣೀರಿನ ಮುಖ. ನಿನ್ನ ನೋವು ಯಾವ ಮುಖದ್ದು ಎಂದು ಕೇಳಿದರೆ ಲೆಕ್ಕ ಬಾರದ ಮಗುವೂ ಬೆರಳಿಟ್ಟು ತೋರಿಸುತ್ತದೆ. ನೋವನ್ನು ಕುರಿತು ಮಗುವನ್ನೇ ಕೇಳಬೇಕೆಂಬ ಇಷ್ಟು ಸರಳವಾದ ವಿಚಾರ ಹೊಳೆಯಲು ನಮಗೆ ಅಷ್ಟು ಕಾಲ ಹಿಡಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಮಂಗಳೂರಿನ ಹತ್ತಿರ ದೇರಳಕಟ್ಟೆಯಲ್ಲಿ ಎ. ಬಿ. ಶೆಟ್ಟಿ ಸ್ಮಾರಕ ದಂತವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ಮಕ್ಕಳ ದಂತವೈದ್ಯರು ಐದರಿಂದ ಎಂಟು ವರ್ಷದ 120 ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ 2019ರಲ್ಲಿ ಫಲವನ್ನು ಪ್ರಕಟಿಸಿದರು. ಹಲ್ಲಿನ ಚಿಕಿತ್ಸೆಗೆ ಬಂದ ಆ ಮಕ್ಕಳಲ್ಲಿ ಒಂದು ಗುಂಪಿಗೆ ಎಂದಿನಂತೆ ಮಾತಿನ ಸಮಾಧಾನ, ಇನ್ನೊಂದಕ್ಕೆ ಮಾಯಾಕನ್ನಡಕ. ಆಮೇಲೆ ನಾನು ಹೇಳಿದ ಆ ಮುಖಗಳ ಸಾಲನ್ನು ತೋರಿಸಿ ನೋವು ಎಷ್ಟೆಂದು ಕೇಳಿದರು. ಅಷ್ಟೇ ಅಲ್ಲ, ಅಂಜಿಕೆಯಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವನ್ನು ಮಕ್ಕಳ ಜೊಲ್ಲಿನಲ್ಲಿ ಅಳೆದರು. ಬಾಯಿ ಸುಳ್ಳಾಡಬಹುದು, ಜೊಲ್ಲು ಆಡಲಾರದಷ್ಟೆ! ಕನ್ನಡಕ ಹಾಕಿಕೊಂಡ ಮಕ್ಕಳಲ್ಲಿ ನೋವೂ ಕಡಿಮೆ, ಅಂಜಿಕೆಯೂ ಕಡಿಮೆ, ಜೊಲ್ಲಿನ ಲೆಕ್ಕದಲ್ಲೂ ಇಳಿತ ಹೆಚ್ಚು ಎಂದು ಕಂಡಿತು. ದಂತವೈದ್ಯರ ಕುರ್ಚಿಯಲ್ಲಿ ಕುಳಿತ ಅನುಭವವಿರುವ ನಾವು ದೊಡ್ಡವರು ಈ ಮಕ್ಕಳ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟರೆ ತಪ್ಪಿಲ್ಲ.

ಇಷ್ಟು ಕೇಳಿ, ಇದೊಂದು ಸಂಜೀವಿನಿ ಎಂದು ತಿಳಿಯಬೇಡಿ. ಜಗತ್ತಿನ ವೈದ್ಯಪರೀಕ್ಷೆಗಳನ್ನೆಲ್ಲ ಜರಡಿ ಹಿಡಿದು ನೋಡುವ ಕಾಕ್ರೇನ್ ಎಂಬ ಸಂಘಟನೆಯಿದೆ. ಅವರು 2020ರಲ್ಲಿ ಮಕ್ಕಳ ನೋವು ಮತ್ತು ಈ ಕನ್ನಡಕದ ಬಗ್ಗೆ 17 ಪರೀಕ್ಷೆಗಳನ್ನು, ಒಟ್ಟು 1008 ಮಕ್ಕಳ ವಿವರವನ್ನು ಕೂಡಿಸಿ ನೋಡಿದರು. ಹಲವು ಕಡೆ ಉಪಯೋಗ ಕಂಡಿದೆ. ಆದರೆ ಪರೀಕ್ಷೆಗಳು ಚಿಕ್ಕವು, ಒಂದರಂತೆ ಒಂದಿಲ್ಲ, ಖಚಿತವಾಗಿ ಹೇಳುವಷ್ಟು ಸಾಕ್ಷ್ಯ ಇನ್ನೂ ಸಾಲದು ಎಂದರು. ಈ ಎಚ್ಚರದ ಮಾತನ್ನು ಮುಚ್ಚಿಟ್ಟು ಯಂತ್ರ ಮಾರುವವರ ಮಾತನ್ನಷ್ಟೇ ನಿಮಗೆ ಒಪ್ಪಿಸುವುದು ಮೇಷ್ಟ್ರಿಗೆ ಒಪ್ಪುವುದಿಲ್ಲ. ಕೆಲವು ಮಕ್ಕಳಿಗೆ ತಲೆ ಸುತ್ತುತ್ತದೆ, ಓಕರಿಕೆ ಬರುತ್ತದೆ. ಮೂರ್ಛೆರೋಗವಿರುವ ಮಗುವಿಗೆ ವೈದ್ಯರನ್ನು ಕೇಳದೆ ಹಾಕುವಂತಿಲ್ಲ. ತೀರ ಚಿಕ್ಕ ಮಕ್ಕಳ ಮುಖಕ್ಕೆ ಅದು ಹೊಂದುವುದೂ ಇಲ್ಲ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ವಸ್ತುವನ್ನು ಪ್ರತಿಸಲವೂ ಶುಚಿ ಮಾಡಲೇಬೇಕು. ಗಾಯದ ವಾರ್ಡಿನಲ್ಲಿ ಇದು ಸಣ್ಣ ಮಾತಲ್ಲ. ಮುಖ, ತಲೆ ಸುಟ್ಟವರಿಗೆ ಏನು ಗತಿಯೆಂದರೆ, ಹಾಫ್‌ಮನ್ನರ ತಂಡದವರು ಕನ್ನಡಕವನ್ನು ತಲೆಗೆ ಕಟ್ಟದೆ ಯಂತ್ರದ ತೋಳೊಂದಕ್ಕೆ ಸಿಕ್ಕಿಸಿ ಕಣ್ಣಿನ ಮುಂದೆ ಹಿಡಿಯುವ ಉಪಾಯ ಮಾಡಿದ್ದಾರೆ. ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿರುವ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಮೈಯ ಬಹುಭಾಗ ಸುಟ್ಟುಕೊಂಡ 48 ಮಕ್ಕಳ ಮೇಲೆ ಮಾಯಾಲೋಕವನ್ನು ಪರೀಕ್ಷಿಸಿದ ವಿವರವೂ 2019ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಅದನ್ನು ಔಷಧದ ಜೊತೆಗೆ ಬಳಸಿದರೇ ಹೊರತು ಔಷಧದ ಬದಲಿಗೆ ಅಲ್ಲ.

ಈ ಜೊತೆಗೆ, ಬದಲಿಗೆ ಎಂಬ ಎರಡು ಅವ್ಯಯಗಳ ನಡುವಿನ ಅಂತರವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕೆಲಸದ ಒತ್ತಡವಿರುವ ಕಡೆ ಇಂಥ ಸಾಧನ ಬಂದರೆ, ಮಗು ಸುಮ್ಮನಿದೆ, ಇನ್ನು ಬೇಗ ಬೇಗ ಮುಗಿಸೋಣ, ಮಾತ್ರೆ ಏಕೆ, ಮರಗಟ್ಟಿಸುವ ಮುಲಾಮು ಏಕೆ ಎನ್ನುವ ಕೈಗಳು ಹುಟ್ಟಬಹುದು. ಕೂಗದ ಮಗುವಿಗೆ ನೋವಿಲ್ಲವೆಂದು ಅರ್ಥವಲ್ಲ. ಪಟ್ಟಿ ಕಟ್ಟಿಸಿಕೊಂಡು ಹಿಂತಿರುಗುವಾಗ ನಾನು ಆ ಹುಡುಗನನ್ನು, “ಸ್ಟೇಷನ್ ಹೆಸರು ಹೇಳುವಾಗ ನೋವಾಗುತ್ತಿತ್ತೇನೋ?” ಎಂದು ಕೇಳಿದೆ. “ಆಗ್ತಿತ್ತು ರೀ ಸರ್. ಆದ್ರ ಅಕ್ಕಗ ಒಂದೂ ಸ್ಟೇಷನ್ ಬರಂಗಿಲ್ಲ” ಎಂದ.

ಈ ನಗರದ ಭೂಗೋಳವನ್ನು ಒಮ್ಮೆ ನೆನೆಯಿರಿ. ಎಲೆಕ್ಟ್ರಾನಿಕ್ ಸಿಟಿ ಎಂಬುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ, 1970ರ ದಶಕದ ಕೊನೆಯಲ್ಲಿ, ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರ ಕನಸಿನಿಂದ ಮೊದಲಾದದ್ದು. ಇಂದು ಅಲ್ಲಿ, ಇತ್ತ ವೈಟ್‌ಫೀಲ್ಡಿನಲ್ಲಿ, ಈ ಬಗೆಯ ಮಾಯಾಲೋಕಗಳನ್ನು ಕಟ್ಟಬಲ್ಲ ಸಾವಿರಾರು ತರುಣರಿದ್ದಾರೆ. ಇನ್ನೂ ಪಾಯ ತೆಗೆಯದ ಫ್ಲ್ಯಾಟಿನೊಳಗೆ ಕೊಳ್ಳುವವರನ್ನು ಓಡಾಡಿಸಲು ಇದೇ ಕನ್ನಡಕ ಬಳಕೆಯಾಗುತ್ತದೆ. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಮತ್ತು ಈ ಜಾತಿಯ ಉದ್ಯಮಗಳಿಗೆಂದು 2024ರಿಂದ 29ರವರೆಗಿನ ಒಂದು ನೀತಿಯನ್ನೇ ಹೊರಡಿಸಿದೆ. ನಗರದ ನಡುವೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಮಹಾಬೋಧಿ ಕೇಂದ್ರವಿದೆ. ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ರಕ್ತದ ಕ್ಯಾನ್ಸರಿನ ಮಕ್ಕಳು ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುವ ಕಿದ್ವಾಯಿ ಸಂಸ್ಥೆಯೂ ಇದೆ. ಒಂದೇ ಸಲ ಚುಚ್ಚಿ ಮುಗಿಯುವ ಲಸಿಕೆಗೆ ತಾಯಿಯ ತೊಡೆಯೇ ಸಾಕು. ಆದರೆ ಮತ್ತೆ ಮತ್ತೆ, ವಾರಗಟ್ಟಲೆ, ಒಂದೇ ನೋವಿಗೆ ಮರಳಬೇಕಾದ ಮಕ್ಕಳಿರುವ ಇಂಥ ಕಡೆಗಳಲ್ಲಿಯೇ ಈ ಸಾಧನಕ್ಕೆ ನಿಜವಾದ ಕೆಲಸ. ಅದರ ಬೆಲೆ ಈಗ ಒಂದು ಒಳ್ಳೆಯ ಮೊಬೈಲ್ ಫೋನಿನಷ್ಟು. ರಟ್ಟಿನ ಪೆಟ್ಟಿಗೆಗೆ ಎರಡು ಮಸೂರ ಅಂಟಿಸಿ ಒಳಗೆ ಫೋನ್ ಇಡುವ ಬಡವರ ಕನ್ನಡಕವನ್ನು ಗೂಗಲ್ ಕಂಪೆನಿ 2014ರಲ್ಲಿಯೇ ತೋರಿಸಿಕೊಟ್ಟಿತ್ತು.

ಕನ್ನಡದ ಮೇಷ್ಟ್ರಾಗಿ ನನ್ನದೊಂದು ಬೇಡಿಕೆಯುಂಟು. ಯಾದಗಿರಿಯ ಹುಡುಗನಿಗೆ ಹಿಮವೆಂದರೆ ಏನು? ಅವನು ಕಂಡ ಅತಿ ತಣ್ಣನೆಯ ಪದಾರ್ಥ ಐಸ್‌ಕ್ಯಾಂಡಿ. ಪೆಂಗ್ವಿನ್ ಅವನನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ನೋವಿನ ಜೊತೆಗೆ ಪರೀಕ್ಷೆಯ ಭಯವೂ ಸೇರೀತು. ಮೆಟ್ರೋ ರೈಲಿನ ಮುಂಗಡೆ ಕುಳಿತು ಹೋಗುವುದು, ಊರ ಜಾತ್ರೆಯಲ್ಲಿ ತೊಟ್ಟಿಲು ಏರುವುದು, ಹಳ್ಳದಲ್ಲಿ ಎಮ್ಮೆ ಮೈ ತೊಳೆಯುವುದು, ಇಂಥವು ಅವನ ಲೋಕ. ಅಲ್ಲಿ ಅವನ ಮಾತಿನಲ್ಲಿಯೇ ಅವನನ್ನು ಕೆಣಕುವ, ಬೇಕೆಂದೇ ತಪ್ಪು ಹೇಳುವ ಒಬ್ಬ ಅಪ್ರಸ್ತುತ ಪ್ರಸಂಗಿ ಇರಬೇಕು. ಅಳಿಯನಿಗೆ ಇದನ್ನು ಹೇಳಿದ್ದೇನೆ. “ಆಗದ ಕೆಲಸವೇನಲ್ಲ ಮಾವ” ಎಂದಿದ್ದಾನೆ. ಅವನಿಗೆ ಶನಿವಾರವೂ ಕೆಲಸವಿರುವುದರಿಂದ ನಾನು ಒತ್ತಾಯ ಮಾಡಿಲ್ಲ.

ಕನ್ನಡಕ ಬರುವ ತನಕ ಮನೆಯವರು ಮಾಡಬಹುದಾದದ್ದು ಬಹಳ ಇದೆ. ಬಿಸಿನೀರೋ ಬೆಂಕಿಯೋ ತಗುಲಿದ ಕೂಡಲೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಇಂಕು, ಹಿಟ್ಟು, ಮಂಜುಗಡ್ಡೆ ಯಾವುದೂ ಬೇಡ. ಪಟ್ಟಿ ಬದಲಿಸುವ ಮುನ್ನ ನೋವಿನ ಔಷಧ ಯಾವಾಗ ಕೊಡಬೇಕೆಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ರಕ್ತ ತೆಗೆಯುವ ಮೊದಲು ಚರ್ಮ ಮರಗಟ್ಟಿಸುವ ಮುಲಾಮು ಇದೆಯೇ ಎಂದು ವಿಚಾರಿಸಿ. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಲಸಿಕೆಯ ನೋವು ತಗ್ಗಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದರಲ್ಲಿ ಯಂತ್ರದ ಸುದ್ದಿಯೇ ಇಲ್ಲ: ಹಸುಗೂಸಿಗೆ ಚುಚ್ಚುವಾಗ ಮೊಲೆಯೂಡಿಸಿ, ತಾಯಿತಂದೆ ಜೊತೆಗಿರಿ, ಮಗುವನ್ನು ಅಪ್ಪಿ ಹಿಡಿಯಿರಿ, ಹೆಚ್ಚು ನೋಯಿಸುವ ಸೂಜಿಯನ್ನು ಕೊನೆಗೆ ಇಡಿಸಿ. ಮತ್ತೆ, ನಾನು ಆಡಿದ ಆ ಮಾತನ್ನು ನೀವು ಆಡಬೇಡಿ. ನೋಯುತ್ತದೆ, ಇಷ್ಟು ಹೊತ್ತು ನೋಯುತ್ತದೆ, ನಾನು ಇಲ್ಲೇ ಇರುತ್ತೇನೆ ಎಂದು ಹೇಳಿದರೆ ಮಗು ನಂಬುತ್ತದೆ.

ಆ ಹುಡುಗನ ಗಾಯ ಮಾಗಿತು. ಆದರೆ ಮಾಗಿದ ಚರ್ಮ ಸೆಟೆದುಕೊಳ್ಳದಂತೆ ಕಾಲು ಮಡಿಸಿ ಚಾಚುವ ವ್ಯಾಯಾಮ ಮಾಡಿಸಬೇಕಾಗಿತ್ತು. ಅದೂ ನೋಯುವ ಕೆಲಸವೇ. ಮೆಜೆಸ್ಟಿಕ್‌ವರೆಗಿನ ಸ್ಟೇಷನ್‌ಗಳು ಬಾಯಿಪಾಠವಾಗಿ ಆಟ ಸಪ್ಪೆಯಾಯಿತು. 2025ರ ಆಗಸ್ಟಿನಲ್ಲಿ ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆಯಿತಲ್ಲವೆ? ಮರುವಾರ ಹುಡುಗಿ ನೋಟುಪುಸ್ತಕ ಹಿಡಿದು ನನ್ನ ಮೇಜಿನ ಬಳಿ ಬಂದಳು. “ಸರ್, ನಿಮ್ಮ ಮಗಳ ಮನಿ ಕಡೆ ಹೋಗೋ ಲೈನಿನ ಹೆಸರೆಲ್ಲ ಬರ್ಕೊಡ್ರಿ.” ಹದಿನಾರು ಸ್ಟೇಷನ್‌ಗಳು. ರಾಗಿಗುಡ್ಡ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರಸ್ತೆ, ಬೆರಟೇನ ಅಗ್ರಹಾರ… ನೆನಪಿದ್ದಷ್ಟು ಬರೆದೆ. ಉಳಿದದ್ದನ್ನು ಮಗಳಿಗೆ ಫೋನ್ ಮಾಡಿ ಕೇಳಿಕೊಂಡೆ. ಎಲ್ಲೆಲ್ಲಿ ತಪ್ಪಬೇಕೆಂಬುದನ್ನು ಹುಡುಗಿ ತಾನೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು.